ಕೋಡಿಯ ಮಠ, ಬಳ್ಳಿಗಾವಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ 11 ಮತ್ತು 12ನೆಯ ಶತಮಾನಗಳಲ್ಲಿ ಪ್ರಸಿದ್ಧವಾಗಿದ್ದ ಕಾಳಾಮುಖ ಶೈವ ಮಠ. ವಿದ್ಯಾದಾನ, ಅನ್ನದಾನಗಳ ಜೊತೆಗೆ ರೋಗಿಗಳಿಗೆ ಔಷಧ ನೀಡುವ ಸ್ಥಾನವೂ ಇದಾಗಿತ್ತು. ಕರ್ನಾಟಕದಲ್ಲಿ ಧರ್ಮಾರ್ಥ ಚಿಕಿತ್ಸೆಯ ಇತಿಹಾಸಕ್ಕೆ ಮುಖ್ಯ ಆಧಾರಗಳಲ್ಲಿ ಇಲ್ಲಿನ ಶಾಸನವೂ ಒಂದು.

ನೆಲೆ: ಬಳ್ಳಿಗಾವಿ ಬನವಾಸಿ ಪನ್ನಿರ್ಛಾಸಿರ (ಹನ್ನೆರಡು ಸಾವಿರ) ನಾಡಿನ ರಾಜಧಾನಿಯಾಗಿದ್ದ ಪಟ್ಟಣ, ಅಲ್ಲಮಪ್ರಭುವಿನ ಹುಟ್ಟೂರೆಂದೂ ಹೆಸರಾಗಿದೆ. ಇಲ್ಲಿನ ತಾವರೆಗೆರೆಯ ಕೋಡಿಯ ಬಳಿ ಇದ್ದುದರಿಂದ ಮಠಕ್ಕೆ ಈ ಹೆಸರು. ದಕ್ಷಿಣ ಕೇದಾರವೆಂದು ಕರೆಸಿಕೊಂಡ ಕೇದಾರೇಶ್ವರ ದೇವಾಲಯಕ್ಕೆ ಇದು ಸೇರಿತ್ತು. ದೇವಾಲಯ ಬಳಪದ ಕಲ್ಲಿನಲ್ಲಿ ಕಟ್ಟಿದ ತ್ರಿಕೂಟ. ನಡುವಿನ ಗರ್ಭಗುಡಿ ಪೂರ್ವಕ್ಕೂ ಉಳಿದೆರಡು ಉತ್ತರ, ದಕ್ಷಿಣಗಳಿಗೂ ಮುಖ ಮಾಡಿವೆ. ಎರಡರಲ್ಲಿ ಲಿಂಗ, ಒಂದರಲ್ಲಿ ಜನಾರ್ದನ ಮೂರ್ತಿ ಇದೆ. ಶಿಖರದ ಮುಂಚಾಚಿನ ಮೇಲೆ ಹೊಯ್ಸಳ ಲಾಂಛನವಿದೆ.

ಗುರುಪರಂಪರೆ: ಮಠದ ಆಚಾರ್ಯರು ಕಾಳಾಮುಖರ ಶಕ್ತಿಪರಿಷೆ ಎಂಬ ಶಾಖೆಗೆ ಸೇರಿದವರು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಇವರಲ್ಲಿ ಪ್ರಮುಖರು. ಚಾಲುಕ್ಯ, ಕಳಚುರಿ, ಹೊಯ್ಸಳ ಈ ಮೂರೂ ಮನೆತನಗಳ ಕಾಲದಲ್ಲಿ ಮಠಕ್ಕೆ ದತ್ತಿಗಳು ಸಂದಿವೆ. ಕಾಳಾಮುಖರ ನೆಲೆಗಳು ಬನವಾಸಿ ನಾಡಿಗಷ್ಟೇ ಸೀಮಿತವಾಗಿರಲಿಲ್ಲ. ಗದಗ ಜಿಲ್ಲೆಯ ರೋಣ, ಇಟಗಿ, ಗಜೇಂದ್ರಗಡ ಸೀಮೆಯ ಸೂಡಿಯಲ್ಲೂ ಅವರ ಕೇಂದ್ರವಿತ್ತು.

ಔಷಧಸ್ಥಾನ: ಮಠದ ಕಾರ್ಯಗಳನ್ನು ವಿವರವಾಗಿ ಹೇಳುವುದು ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ. ದಕ್ಷಿಣದ ದಂಡಯಾತ್ರೆಗೆಂದು ಬಳ್ಳಿಗಾವಿಗೆ ಬಂದಿದ್ದ ಬಿಜ್ಜಳ ವಾಮಶಕ್ತಿಗೆ ದತ್ತಿ ಕೊಟ್ಟ ಸಂದರ್ಭ ಅದು. ನಾಲ್ಕು ವೇದ, ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣ, ಆರು ದರ್ಶನ, ಹದಿನೆಂಟು ಪುರಾಣ, ಕಾವ್ಯ ನಾಟಕಗಳ ಪಾಠ ಇಲ್ಲಿ ನಡೆಯುತ್ತಿತ್ತು. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಮಾತ್ರವಲ್ಲ, ಹಾಡುವವರು, ವಾದ್ಯ ನುಡಿಸುವವರು, ನರ್ತಕರಿಗೂ ಊಟವಿತ್ತು. ಕ್ಷಪಣಕ, ಏಕದಂಡಿ, ತ್ರಿದಂಡಿ ಮೊದಲಾದ ಅನ್ಯಪಂಥದ ಸನ್ಯಾಸಿಗಳಿಗೂ ಬಾಗಿಲು ತೆರೆದಿತ್ತು. ಇದೇ ಸಾಲಿನಲ್ಲಿ, ದಿಕ್ಕಿಲ್ಲದ ರೋಗಿಗಳ ನಾನಾ ರೋಗಗಳಿಗೆ ಮದ್ದು ಕೊಡುವ ತಾಣವೆಂದು ಶಾಸನ ಮಠವನ್ನು ಬಣ್ಣಿಸುತ್ತದೆ. ವೈದ್ಯವೃತ್ತಿಗೆಂದೇ ಬೇರೆ ದತ್ತಿಯನ್ನಾಗಲಿ ವೈದ್ಯರ ಹೆಸರನ್ನಾಗಲಿ ಅಲ್ಲಿ ಹೇಳಿಲ್ಲ. ಚಿಕಿತ್ಸೆ ಇಲ್ಲಿ ದಾಸೋಹದ ಒಂದು ಅಂಗವಾಗಿತ್ತು.

ಕನ್ನಡದಲ್ಲಿ ವೈದ್ಯಗ್ರಂಥಗಳು ಹುಟ್ಟಿದ್ದೂ ಈ ಕಾಲದಲ್ಲೇ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ 'ಗೋವೈದ್ಯ' ಸು. 1125ರದು. ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ಆಧರಿಸಿದ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ' ಸು. 1150ರದು, ಮದ್ಯ ಮಾಂಸಗಳನ್ನು ಬಿಟ್ಟ ಔಷಧಗಳಷ್ಟೇ ಅದರಲ್ಲಿವೆ.

ಹೋಲಿಕೆ: ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ ಚೋಳ ವೀರರಾಜೇಂದ್ರನ ಕಾಲದ, ಸು. 1068ರ ಶಾಸನ 15 ಹಾಸಿಗೆಗಳ ಆತುರಶಾಲೆಯೊಂದನ್ನು ವರ್ಣಿಸುತ್ತದೆ. ಅಲ್ಲಿ ವೈದ್ಯ, ಶಸ್ತ್ರವೈದ್ಯ, ಮೂಲಿಕೆ ತಂದು ಮದ್ದು ಅರೆಯುವವರು, ಆರೈಕೆಯ ಹೆಂಗಸರು ಇದ್ದರು. ದಾಸ್ತಾನಿಡಬೇಕಾದ ಔಷಧಗಳ ಪಟ್ಟಿಯೂ ಇದೆ. ದ್ವೀಪದೇಶ ಶ್ರೀಲಂಕಾದ ಮಿಹಿಂತಲೆಯಲ್ಲಿ ಬೌದ್ಧ ವಿಹಾರದ ಆಸ್ಪತ್ರೆಯ ಅವಶೇಷಗಳಿವೆ. ರೋಗಿಯನ್ನು ಔಷಧದ್ರವದಲ್ಲಿ ಮಲಗಿಸಲು ಮನುಷ್ಯಾಕಾರದಲ್ಲಿ ಕೊರೆದ ಕಲ್ಲಿನ ತೊಟ್ಟಿ ಅಲ್ಲಿ ಉಳಿದಿದೆ. ದೇವಾಲಯ, ಮಠ, ವಿಹಾರಗಳ ಆಶ್ರಯದಲ್ಲಿ ಚಿಕಿತ್ಸೆ ನಡೆಯುತ್ತಿದ್ದುದಕ್ಕೆ ಈ ಮೂರೂ ಸಾಕ್ಷಿ.

ಇಂದಿನ ಸ್ಥಿತಿ: ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಏಳನೆಯ ಸಂಪುಟದಲ್ಲಿ (1902) ಬಳ್ಳಿಗಾವಿಯ ಶಾಸನಗಳು ಪ್ರಕಟವಾಗಿವೆ. ಕೇದಾರೇಶ್ವರ ದೇವಾಲಯ ಈಗ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ.