ಪ್ಯಾಲೆಸ್ಟೀನ್: ರಾಜ್ಯತ್ವದ ಮನ್ನಣೆ ಮತ್ತು ಗಾಜಾದ ಕ್ಷಾಮ

ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರದ ಗಾಜಾ ಪಟ್ಟಿಯನ್ನೂ ಜೋರ್ಡನ್ ನದಿಯ ಪಶ್ಚಿಮ ದಂಡೆಯನ್ನೂ ಪೂರ್ವ ಜೆರುಸಲೇಮನ್ನೂ ತನ್ನ ನೆಲವೆಂದು ಪ್ರತಿಪಾದಿಸುವ ಪ್ಯಾಲೆಸ್ಟೀನನ್ನು, 2025ರ ಸೆಪ್ಟೆಂಬರ್ ಮುಗಿಯುವ ವೇಳೆಗೆ, ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳಲ್ಲಿ 150ಕ್ಕೂ ಹೆಚ್ಚು ರಾಷ್ಟ್ರಗಳು ರಾಜ್ಯವೆಂದು ಮನ್ನಿಸಿದ್ದವು. ಆದರೂ ಅದಕ್ಕೆ ಪೂರ್ಣ ಸದಸ್ಯತ್ವ ದೊರೆತಿಲ್ಲ. ತನ್ನ ಜನರಿಗೆ ಧಾನ್ಯ, ಔಷಧ, ಇಂಧನಗಳು ಬರಬೇಕಾದ ಗಡಿದ್ವಾರಗಳ ಮೇಲೆ ಅಧಿಕಾರವೂ ಇಲ್ಲ. ಮನ್ನಣೆಗೂ ಅಧಿಕಾರಕ್ಕೂ ನಡುವಣ ಈ ಅಂತರವು 2023ರ ಅಕ್ಟೋಬರಿನಲ್ಲಿ ಆರಂಭವಾದ ಯುದ್ಧದಲ್ಲಿ ಅತ್ಯಂತ ದಾರುಣವಾಗಿ ಪ್ರಕಟವಾಯಿತು.

ಪೂರ್ವವೃತ್ತಾಂತ

ಬ್ರಿಟಿಷರ ಆಡಳಿತದಲ್ಲಿದ್ದ ಪ್ರದೇಶವನ್ನು ಅರಬ್ ಮತ್ತು ಯಹೂದಿ ರಾಜ್ಯಗಳಾಗಿ ವಿಭಜಿಸುವ ನಿರ್ಣಯವನ್ನು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯು 1947ರ ನವೆಂಬರ್ 29ರಂದು ಅಂಗೀಕರಿಸಿತು. ಅದರ ಬೆನ್ನಿಗೇ ಬಂದ ಯುದ್ಧದಲ್ಲಿ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ನಿರಾಶ್ರಿತರಾದರು. ಅರಬ್ ರಾಜ್ಯವು ಸ್ಥಾಪಿತವಾಗಲಿಲ್ಲ. 1988ರ ನವೆಂಬರ್ 15ರಂದು ಆಲ್ಜೀರ್ಸ್ ನಗರದಲ್ಲಿ ಪ್ಯಾಲೆಸ್ಟೀನಿಯರ ನಾಯಕ ಯಾಸೆರ್ ಅರಾಫತ್ ಸ್ವಾತಂತ್ರ್ಯವನ್ನು ಘೋಷಿಸಿದ ಮೇಲೆ ಏಷ್ಯ, ಆಫ್ರಿಕ ಖಂಡಗಳ ಬಹುಸಂಖ್ಯಾತ ರಾಷ್ಟ್ರಗಳು ಮನ್ನಣೆಯಿತ್ತವು.

ಸದಸ್ಯತ್ವದ ವಿಧಿ ಮತ್ತು ನ್ಯಾಯಾಲಯದ ದಾರಿ

ವಿಶ್ವಸಂಸ್ಥೆಯ ಸನ್ನದಿನ 4ನೆಯ ಅನುಚ್ಛೇದದಂತೆ ಭದ್ರತಾ ಮಂಡಳಿಯ ಶಿಫಾರಸಿಲ್ಲದೆ ಯಾವ ರಾಜ್ಯವೂ ಸದಸ್ಯತ್ವವನ್ನು ಪಡೆಯಲಾರದು. ಆ ಶಿಫಾರಸನ್ನು ಕಡೆಗಣಿಸುವ ಅಧಿಕಾರ ಸಾಮಾನ್ಯ ಸಭೆಗಿಲ್ಲವೆಂದು ಅಂತರರಾಷ್ಟ್ರೀಯ ನ್ಯಾಯಾಲಯವು 1950ರಲ್ಲಿ ಅಭಿಪ್ರಾಯವಿತ್ತಿತು. ಗಡಿಗಳು ನಿಶ್ಚಿತವಾಗಿಲ್ಲದ ಪ್ಯಾಲೆಸ್ಟೀನು ರಾಜ್ಯವಾಗಲಾರದೆಂಬ ವಾದವನ್ನು ಇಂದು ಮುಂದಿಡುವವರು ಒಂದು ಪೂರ್ವನಿದರ್ಶನವನ್ನು ಮರೆಯಲಾಗದು. 1948ರ ಡಿಸೆಂಬರಿನಲ್ಲಿ, ಇಸ್ರೇಲಿನ ಅರ್ಜಿಯು ಮಂಡಳಿಯ ಮುಂದಿದ್ದಾಗ, ಅಮೆರಿಕದ ಪ್ರತಿನಿಧಿ ಫಿಲಿಪ್ ಜೆಸಪ್ ಅವರು, ಗಡಿಗಳು ಇತ್ಯರ್ಥವಾಗದಿರುವುದು ರಾಜ್ಯತ್ವಕ್ಕೆ ಬಾಧಕವಲ್ಲವೆಂದೂ ಅಮೆರಿಕವೇ ತನ್ನ ಗಡಿಗಳು ನಿರ್ಧಾರವಾಗುವ ಮೊದಲು ರಾಷ್ಟ್ರಗಳ ಪಂಕ್ತಿಯನ್ನು ಸೇರಿತೆಂದೂ ವಾದಿಸಿದರು. ಆ ಸಲ ಸಾಕಷ್ಟು ಮತಗಳು ಬೀಳದಿದ್ದರೂ ಇಸ್ರೇಲ್ 1949ರ ಮೇ 11ರಂದು ಸದಸ್ಯವಾಯಿತು.

ಪ್ಯಾಲೆಸ್ಟೀನಿನ ಅಧ್ಯಕ್ಷ ಮಹಮೂದ್ ಅಬ್ಬಾಸರು 2011ರ ಸೆಪ್ಟೆಂಬರಿನಲ್ಲಿ ಸಲ್ಲಿಸಿದ ಅರ್ಜಿಯು ಮಂಡಳಿಯ ಸಮಿತಿಯಲ್ಲಿಯೇ ನಿಂತುಹೋಯಿತು. ಆಗ ಅವರು ವೀಟೊ ತಲುಪದ ಸಾಮಾನ್ಯ ಸಭೆಯನ್ನು ಆಶ್ರಯಿಸಿದರು. 2012ರ ನವೆಂಬರ್ 29ರಂದು, 138 ಮತಗಳು ಪರವಾಗಿಯೂ 9 ವಿರುದ್ಧವಾಗಿಯೂ ಬಿದ್ದು, ಪ್ಯಾಲೆಸ್ಟೀನಿಗೆ ಸದಸ್ಯೇತರ ವೀಕ್ಷಕ ರಾಜ್ಯವೆಂಬ ಸ್ಥಾನ ಲಭಿಸಿತು. ಇದನ್ನು ಹೆಸರಿನ ಬದಲಾವಣೆಯಷ್ಟೇ ಎಂದು ಅನೇಕರು ಭಾವಿಸಿದ್ದುಂಟು; ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಪ್ಯಾಲೆಸ್ಟೀನಿನ ಮನ್ನಣೆಯ ಇಡೀ ಇತಿಹಾಸದಲ್ಲಿ ಇದಕ್ಕಿಂತ ಫಲಪ್ರದವಾದ ಮತದಾನ ಬೇರೊಂದಿಲ್ಲ. ಏಕೆಂದರೆ, 1989ರಲ್ಲಿ ಜಿನೀವಾ ಒಡಂಬಡಿಕೆಗಳಿಗೆ ಸೇರಬಯಸಿದಾಗ, ಆ ಒಡಂಬಡಿಕೆಗಳ ಹೊಣೆಹೊತ್ತ ಸ್ವಿಟ್ಜರ್ಲೆಂಡ್, ಪ್ಯಾಲೆಸ್ಟೀನ್ ರಾಜ್ಯವೋ ಅಲ್ಲವೋ ಎಂದು ನಿರ್ಣಯಿಸುವ ಸ್ಥಿತಿಯಲ್ಲಿ ತಾನಿಲ್ಲವೆಂದು ತಿಳಿಸಿತ್ತು. 2009ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಅಧಿಕಾರವಿತ್ತು ಬರೆದ ಘೋಷಣಾಪತ್ರವನ್ನು ಅದರ ಅಭಿಯೋಜಕರು 2012ರ ಏಪ್ರಿಲಿನಲ್ಲಿ ಇದೇ ಸಂದೇಹದಿಂದ ಬದಿಗಿರಿಸಿದ್ದರು. ಸಭೆಯ ನಿರ್ಣಯದ ತರುವಾಯ ಎರಡೂ ಬಾಗಿಲು ತೆರೆದವು. 2014ರ ಏಪ್ರಿಲಿನಲ್ಲಿ ಜಿನೀವಾ ಒಡಂಬಡಿಕೆಗಳಿಗೆ ಪ್ರವೇಶ ಸಿಕ್ಕಿತು. 2015ರ ಏಪ್ರಿಲ್ 1ರಿಂದ, ಅಪರಾಧ ನ್ಯಾಯಾಲಯದ ಮೂಲ ಒಡಂಬಡಿಕೆಯಾದ ರೋಮ್ ಶಾಸನವು ಪ್ಯಾಲೆಸ್ಟೀನಿಗೆ ಸಂಬಂಧಿಸಿ ಜಾರಿಯಾಯಿತು. 2021ರ ಫೆಬ್ರುವರಿಯಲ್ಲಿ ಆ ನ್ಯಾಯಾಲಯದ ಪೀಠವು ಬಹುಮತದಿಂದ ತನ್ನ ವ್ಯಾಪ್ತಿ ಗಾಜಾಕ್ಕೂ ಸಲ್ಲುವುದೆಂದು ಹೇಳಿತು. 2024ರ ನವೆಂಬರ್ 21ರಂದು ಗಾಜಾದ ಸಶಸ್ತ್ರ ಸಂಘಟನೆಯಾದ ಹಮಾಸಿನ ಮೊಹಮ್ಮದ್ ದೈಫ್ ಅವರ ಮೇಲೂ, ಹಸಿವನ್ನು ಯುದ್ಧದ ಸಾಧನವಾಗಿಸಿದ ಆರೋಪವೂ ಸೇರಿದಂತೆ ಇಸ್ರೇಲಿನ ಪ್ರಧಾನಿ ನೆತನ್ಯಾಹು ಮತ್ತು ಮಾಜಿ ರಕ್ಷಣಾ ಸಚಿವ ಗ್ಯಾಲಂಟ್ ಅವರ ಮೇಲೂ ಬಂಧನಾಜ್ಞೆಗಳು ಹೊರಟದ್ದು ಈ ಸರಣಿಯ ಫಲ. ಇಸ್ರೇಲ್ ಆರೋಪವನ್ನೂ ವ್ಯಾಪ್ತಿಯನ್ನೂ ನಿರಾಕರಿಸಿದೆ. ವ್ಯಾಪ್ತಿಯ ಆಕ್ಷೇಪಣೆಯನ್ನು ಮೇಲ್ಮನವಿ ಪೀಠವು 2025ರ ಏಪ್ರಿಲಿನಲ್ಲಿ ಮರುವಿಚಾರಣೆಗೆ ಕಳುಹಿಸಿತು.

ಯುದ್ಧ ಮತ್ತು ಕ್ಷಾಮ

2023ರ ಅಕ್ಟೋಬರ್ 7ರಂದು ಹಮಾಸಿನ ಆಕ್ರಮಣದಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಹತರಾದರು, ಸುಮಾರು 250 ಮಂದಿ ಒತ್ತೆಯಾಳುಗಳಾದರು. ಪ್ರತಿಯಾಗಿ ನಡೆದ ಯುದ್ಧದಲ್ಲಿ, ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಂತೆ, 60,000ಕ್ಕೂ ಮೀರಿದ ಜನ ಮಡಿದರು. 2025ರ ಮಾರ್ಚ್ 2ರಿಂದ ಎರಡು ತಿಂಗಳಿಗೂ ಮಿಕ್ಕಿದ ಕಾಲ ಇಸ್ರೇಲ್ ಸಕಲ ಸರಬರಾಜನ್ನೂ ತಡೆಯಿತು. ಆಗಸ್ಟ್ 22ರಂದು, ಆಹಾರಭದ್ರತೆಯನ್ನು ಹಂತಗಳಾಗಿ ವರ್ಗೀಕರಿಸುವ ಅಂತರರಾಷ್ಟ್ರೀಯ ತಜ್ಞಮಂಡಲಿಯು ಗಾಜಾ ನಗರವನ್ನೊಳಗೊಂಡ ಪ್ರಾಂತದಲ್ಲಿ ಕ್ಷಾಮ ಸಂಭವಿಸಿದೆಯೆಂದು ದೃಢಪಡಿಸಿತು. ಇಸ್ರೇಲ್ ಇದನ್ನು ಅಲ್ಲಗಳೆಯಿತು. ಇಂಥ ಘೋಷಣೆ ತಡವಾಗಿಯೇ ಬರುತ್ತದೆ, ಏಕೆಂದರೆ ಆಹಾರದ ತೀವ್ರ ಅಭಾವ, ಮಕ್ಕಳ ಅಪೌಷ್ಟಿಕತೆ, ಸಾವು ಈ ಮೂರರ ಪ್ರಮಾಣವೂ ಮಿತಿ ಮೀರಿದ ಸಾಕ್ಷ್ಯ ಅದಕ್ಕೆ ಬೇಕು.

ಮನ್ನಣೆಯ ಎರಡನೆಯ ಅಲೆ ಈ ವಿಪತ್ತಿನ ನಡುವೆಯೇ ಎದ್ದಿತು. 2024ರ ಏಪ್ರಿಲ್ 18ರಂದು ಭದ್ರತಾ ಮಂಡಳಿಯಲ್ಲಿ ಪೂರ್ಣ ಸದಸ್ಯತ್ವದ ಪ್ರಸ್ತಾಪಕ್ಕೆ 12 ಮತಗಳು ಬಿದ್ದರೂ ಅಮೆರಿಕ ವೀಟೊ ಚಲಾಯಿಸಿತು. ಮೇ 28ರಂದು ಸ್ಪೇನ್, ಐರ್ಲೆಂಡ್, ನಾರ್ವೆಗಳೂ, 2025ರ ಸೆಪ್ಟೆಂಬರ್ 21ರಂದು ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ಪೋರ್ಚುಗಲ್‌ಗಳೂ, ಮರುದಿನ ಫ್ರಾನ್ಸೂ ಮನ್ನಣೆಯನ್ನು ಘೋಷಿಸಿದವು. ಇದರಿಂದ ಒಂದು ಗಡಿದ್ವಾರವೂ ತೆರೆಯಲಿಲ್ಲವೆಂಬುದು ಸತ್ಯ. ಹಸಿದವರಿಗೆ ಇದು ಪರಿಹಾರವೆಂದು ಬಿಂಬಿಸುವುದು ಸಲ್ಲದು.

ಭಾರತ

1947ರಲ್ಲಿ ವಿಭಜನೆಯ ವಿರುದ್ಧ ಮತವಿತ್ತ ಭಾರತವು 1988ರ ನವೆಂಬರಿನಲ್ಲಿಯೇ ಮನ್ನಣೆ ನೀಡಿತು. ಯುದ್ಧವಿರಾಮವನ್ನು ಬಯಸಿದ ನಿರ್ಣಯಗಳಲ್ಲಿ ಅದರ ನಿಲುವು ಏಕರೂಪವಾಗಿಲ್ಲ: 2023ರ ಅಕ್ಟೋಬರಿನಲ್ಲಿ ಮತದಾನದಿಂದ ದೂರ ಉಳಿಯಿತು, ಡಿಸೆಂಬರಿನಲ್ಲಿ ಪರವಾಗಿ ಮತವಿತ್ತಿತು, 2025ರ ಜೂನಿನಲ್ಲಿ ಮತ್ತೆ ದೂರ ಉಳಿಯಿತು. ಎರಡು ರಾಜ್ಯಗಳ ಪರಿಹಾರವನ್ನು ಸಮರ್ಥಿಸಿದ ನ್ಯೂಯಾರ್ಕ್ ಘೋಷಣೆಯನ್ನು 2025ರ ಸೆಪ್ಟೆಂಬರ್ 12ರಂದು ಸಾಮಾನ್ಯ ಸಭೆಯು ಅನುಮೋದಿಸಿದಾಗ, ಪರವಾಗಿ ಬಿದ್ದ 142 ಮತಗಳಲ್ಲಿ ಭಾರತದ್ದೂ ಒಂದು.