ಎಲಿಜಬೆತ್ ಎಲ್‌ಸ್ಟಾಬ್: ಒಬ್ಬ ಆಂಗ್ಲೋ-ಸ್ಯಾಕ್ಸನ್ ವಿದುಷಿಯ ಜೀವನ

ಇಂಗ್ಲಿಷಿನ ಪ್ರಾಚೀನ ರೂಪವಾದ ಆಂಗ್ಲೋ-ಸ್ಯಾಕ್ಸನ್ನಿನ ವ್ಯಾಸಂಗವು ಹದಿನೆಂಟನೆಯ ಶತಮಾನದ ಆದಿಯಲ್ಲಿ ಬಹುಮಟ್ಟಿಗೆ ಲ್ಯಾಟಿನ್ ಬಲ್ಲವರ ಸೊತ್ತಾಗಿದ್ದಿತು. ಜಾರ್ಜ್ ಹಿಕ್ಸನ ಮಹಾಗ್ರಂಥವೂ (೧೭೦೩–೦೫) ಲ್ಯಾಟಿನ್ನಿನಲ್ಲಿಯೇ ರಚಿತವಾದುದು. ಈ ವಿದ್ಯೆಯನ್ನು ದೇಶಭಾಷೆಯ ಮೂಲಕ ಇತರರಿಗೂ ಸುಲಭವಾಗಿಸಿದ ಕೀರ್ತಿ ಎಲಿಜಬೆತ್ ಎಲ್‌ಸ್ಟಾಬಳದು.

ಈಕೆ ೧೬೮೩ರಲ್ಲಿ ನ್ಯೂಕ್ಯಾಸಲ್ ನಗರದ ವರ್ತಕರ ಮನೆಯಲ್ಲಿ ಹುಟ್ಟಿದಳು. ಬಾಲ್ಯದಲ್ಲಿಯೇ ತಂದೆತಾಯಿಗಳು ತೀರಿಕೊಂಡರು. ಪೋಷಕನಾದ ಚಿಕ್ಕಪ್ಪ ಕ್ಯಾಂಟರ್‌ಬರಿಯ ಪಾದ್ರಿ. ಹೆಂಗಸಿಗೆ ಒಂದು ಭಾಷೆ ಸಾಕೆಂಬುದು ಆತನ ಮತ. ಆಕ್ಸ್‌ಫರ್ಡಿನಲ್ಲಿ ಓದಿದ ಅಣ್ಣ ವಿಲಿಯಂ ಮಾತ್ರ ತಂಗಿಯ ಜ್ಞಾನದಾಹವನ್ನು ಮನ್ನಿಸಿದನು. ೧೭೦೨ರಲ್ಲಿ ಆತನು ಲಂಡನ್ನಿನಲ್ಲಿ ಪಾದ್ರಿಯಾದ ಬಳಿಕ ಇಬ್ಬರೂ ಅಲ್ಲಿ ಒಟ್ಟಿಗೆ ಹಸ್ತಪ್ರತಿಗಳನ್ನು ಅಭ್ಯಸಿಸಿದರು.

೧೭೦೯ರಲ್ಲಿ ಆಕೆ ಏಲ್ಫ್ರಿಕ್ ವಿರಚಿತವಾದ, ಸಂತ ಗ್ರೆಗರಿಯನ್ನು ಕುರಿತ ಧರ್ಮೋಪದೇಶವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದಳು. ಅದರ ಪೀಠಿಕೆಯಲ್ಲಿ ಸ್ತ್ರೀಯರ ವಿದ್ಯಾರ್ಜನೆಯನ್ನು ಸಮರ್ಥಿಸಿದಳು. ೧೭೧೫ರಲ್ಲಿ ಹೊರಬಂದ ವ್ಯಾಕರಣವು ಇನ್ನೂ ಮಹತ್ತ್ವದ್ದು: ಆಂಗ್ಲೋ-ಸ್ಯಾಕ್ಸನ್ ಭಾಷೆಗೆ ಆಧುನಿಕ ಇಂಗ್ಲಿಷಿನಲ್ಲಿ ಬರೆದ ಮೊದಲ ವ್ಯಾಕರಣವದು. ಈ ಭಾಷೆಯನ್ನು ಕಲಿಯಬಯಸಿದ ಒಬ್ಬ ತರುಣಿಯ ಅಪೇಕ್ಷೆಯೇ ಅದರ ರಚನೆಗೆ ಪ್ರೇರಣೆ. ಉತ್ತರದೇಶದ ಭಾಷೆಗಳ ಏಕಾಕ್ಷರ ಶಬ್ದಗಳು ಕರ್ಕಶವೆಂಬ ದೂಷಣೆ ಆಗ ಪ್ರಬಲವಾಗಿದ್ದಿತು. ೧೭೧೨ರಲ್ಲಿ ಸ್ವಿಫ್ಟನೂ ಅದನ್ನೇ ಹೇಳಿದ್ದನು. ಎಲ್‌ಸ್ಟಾಬಳು ಇಂಗ್ಲಿಷ್ ಕವಿಗಳ ಸಾಲುಗಳನ್ನೇ ಉದಾಹರಿಸಿ, ಅಂಥ ಶಬ್ದಗಳಿಂದಲೂ ಮಾಧುರ್ಯ ಸಾಧ್ಯವೆಂದು ತೋರಿಸಿದಳು.

ಅದೇ ವರ್ಷ ಅಣ್ಣನೂ, ವರ್ಷಾಂತ್ಯದಲ್ಲಿ ಮಾರ್ಗದರ್ಶಕನಾದ ಹಿಕ್ಸನೂ ತೀರಿಕೊಂಡರು. ವಿಶ್ವವಿದ್ಯಾನಿಲಯದ ಆಶ್ರಯ ಹೆಂಗಸಿಗೆ ದೊರೆಯುವ ಕಾಲ ಅದಲ್ಲ. ಸಾಲದ ಬಾಧೆಯಿಂದ ಆಕೆ ಲಂಡನ್ನನ್ನು ಬಿಟ್ಟು ಕಣ್ಮರೆಯಾದಳು. ಏಲ್ಫ್ರಿಕನ ಉಪದೇಶಗಳ ಸಂಪಾದನೆ ಅರ್ಧಕ್ಕೇ ನಿಂತಿತು. ೧೭೩೫ರ ವೇಳೆಗೆ ಜಾರ್ಜ್ ಬ್ಯಾಲಾರ್ಡನಿಗೆ ಆಕೆ ಕಾಣಸಿಕ್ಕಿದುದು ಈವ್ಷಮ್ ಎಂಬ ಊರಿನಲ್ಲಿ, ಮಕ್ಕಳಿಗೆ ಪಾಠ ಹೇಳುತ್ತಿದ್ದ ಉಪಾಧ್ಯಾಯಿನಿಯಾಗಿ. ಮುಂದೆ ಪೋರ್ಟ್‌ಲೆಂಡಿನ ಡಚೆಸ್ಸಳ ಮಕ್ಕಳ ಶಿಕ್ಷಕಿಯಾಗಿ ನೆಮ್ಮದಿ ಕಂಡಳು. ಪಾಂಡಿತ್ಯದ ಕೆಲಸ ಮಾತ್ರ ಮರಳಲಿಲ್ಲ. ೧೭೫೬ರಲ್ಲಿ ನಿಧನಳಾದಳು.

ಆಕೆ ಕೈಬಿಟ್ಟ ಏಲ್ಫ್ರಿಕನ ಉಪದೇಶಗಳನ್ನು ಬೆಂಜಮಿನ್ ಥಾರ್ಪ್ ೧೮೪೪–೪೬ರಲ್ಲಿ ಪ್ರಕಟಿಸಿದನು. ಒಂದು ಶತಮಾನಕ್ಕೂ ಮೀರಿದ ಈ ವಿಳಂಬಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ಆಕೆಯ ವಿದ್ವತ್ತು ಒಬ್ಬಿಬ್ಬರ ಸ್ನೇಹವನ್ನಷ್ಟೇ ಆಧರಿಸಿ ನಿಂತಿದ್ದಿತು. ಅವರು ಅಳಿದೊಡನೆ ಅದಕ್ಕೆ ನೆಲೆಯಿಲ್ಲದಾಯಿತು. ವಿದ್ಯಾಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಅವುಗಳ ಒಳಗಿದ್ದವರನ್ನಲ್ಲದೆ, ಹೊರಗೇ ಉಳಿಯಬೇಕಾದವರನ್ನೂ ನೆನೆಯುವುದು ಉಚಿತ.