ಬಾವಿಯ ಗಪ್ಪಿ, ಗಾಜಿನ ತೊಟ್ಟಿಯ ಗಪ್ಪಿ

ಮುಳಬಾಗಿಲು ತಾಲ್ಲೂಕಿನ ಬೈರಕೂರು ಸೀಮೆಯಲ್ಲಿ ಮೀನೆಂದರೆ ಮೊದಲು ನೆನಪಾಗುವುದು ಕೆರೆ, ಆಮೇಲೆ ಸಾರು. ಕೋಲಾರ ಜಿಲ್ಲೆಯ ಬಾವಿಗಳಿಗೆ ಗಪ್ಪಿ ಮೀನು ಬಂದದ್ದೂ ಅಂದಕ್ಕಲ್ಲ. 1990ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಕಾಮಸಮುದ್ರದ ಸುತ್ತಲಿನ ಹಳ್ಳಿಗಳಲ್ಲಿ ಸೊಳ್ಳೆಮರಿ ತಿನ್ನಲೆಂದು ಅದನ್ನು ಬಿಟ್ಟರು.

ಅದೇ ಗಪ್ಪಿ ಗಾಜಿನ ತೊಟ್ಟಿ ಸೇರಿದರೆ ಕಾಯಿಲೆ ಬೀಳುವುದುಂಟು. ಹೆಚ್ಚಿನ ತಪ್ಪು ನೀರಿನದು: ಮೇವು ಉಳಿದು ಕೊಳೆತರೆ ಅಮೋನಿಯಾ ಏರಿ ಮೀನು ಮೇಲ್ಮೈಗೆ ಬಂದು ಬಾಯಿ ಬಿಡುತ್ತದೆ. ಆಗ ಔಷಧಕ್ಕಿಂತ ಮೊದಲು ಒಂದಿಷ್ಟು ನೀರು ಬದಲಿಸಬೇಕು.

ಮೈಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕೆಯ ರೋಗ ಹಳೆಯದು. ಅದರ ಪರಜೀವಿಯನ್ನು ಫ್ರಾನ್ಸಿನ ಫೂಕೆ 1876ರಲ್ಲಿ ವರ್ಣಿಸಿದ. ಚರ್ಮದೊಳಗೆ ಅಡಗಿದ ಹಂತಕ್ಕೆ ಉಪ್ಪಾಗಲಿ ಮದ್ದಾಗಲಿ ತಾಕದು. ನೀರಿನಲ್ಲಿ ಈಜುವ ಪರಜೀವಿಯ ಮರಿಗಳಷ್ಟೇ ಸಾಯುತ್ತವೆ. ಚುಕ್ಕೆ ಮಾಯವಾಯಿತೆಂದು ಉಪ್ಪಿನ ಚಿಕಿತ್ಸೆ ನಿಲ್ಲಿಸುವವರು ಸೋಲುವುದು ಇಲ್ಲೇ.

ಕೆರೆಯ ಮೀನಿಗೂ ಸಂಕಟ ತಪ್ಪಲಿಲ್ಲ. 1988ರಲ್ಲಿ ಈಶಾನ್ಯ ಭಾರತದಲ್ಲಿ ಕಾಣಿಸಿದ ಹುಣ್ಣುರೋಗ ಮುಂದೆ ದೇಶದ ಬಹುಭಾಗಕ್ಕೆ ಹಬ್ಬಿ, ಕೊರವ ಮೀನಿಗೆ ವಿಶೇಷವಾಗಿ ಕಾಟ ಕೊಟ್ಟಿತು. ಸಾಕಣೆದಾರರು ಕೊಳಗಳಿಗೆ ಸುಣ್ಣ ಹಾಕಿದರು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ‘ಸಿಫ್ಯಾಕ್ಸ್’ ಎಂಬ ಔಷಧ ರೂಪಿಸಿತು.